ನಾಲ್ಕು ಅಂಕಗಳ ಲೆಕ್ಕ

2015ರ ಜುಲೈಯಲ್ಲಿ ಸಿ.ಎ. ಫೈನಲ್ ಫಲಿತಾಂಶ ಬಂದಾಗ ನಾನು ಮುಂಬೈಯ ಫೋರ್ಟಿನಲ್ಲಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಮೊದಲ ಗ್ರೂಪಿನ ನಾಲ್ಕು ಪತ್ರಿಕೆಗಳಲ್ಲಿ 48, 61, 44, 43 ಬಂದಿದ್ದವು. ಪ್ರತಿ ಪತ್ರಿಕೆಗೆ 40 ಬಂದರೆ ಸಾಲದು, ಗ್ರೂಪಿನ ಒಟ್ಟು ಅಂಕ ಶೇಕಡಾ 50 ಮುಟ್ಟಬೇಕು. 200 ಬೇಕಿದ್ದಲ್ಲಿ ನನ್ನದು 196. ಅದು ಎರಡನೆಯ ಪ್ರಯತ್ನ.

ಆ ರಾತ್ರಿ ಮಾಟುಂಗದಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದ ಸೋದರಮಾವನ ಬಳಿ ಹೋದೆ. ಅವರು ಸಮಾಧಾನದ ಮಾತು ಆಡಲಿಲ್ಲ. "ಆ ನಾಲ್ಕು ಎಲ್ಲಿ ಹೋಯ್ತು, ನೋಡಿದ್ಯಾ?" ಎಂದು ಕೇಳಿದರು. ಗಲ್ಲಾದಲ್ಲಿ ನಾಲ್ಕು ರೂಪಾಯಿ ಕಡಿಮೆ ಬಿದ್ದರೂ ಬಿಲ್ಲುಗಳನ್ನು ಒಂದೊಂದಾಗಿ ತಿರುವಿಹಾಕಿ, ಲೆಕ್ಕ ತಾಳೆಯಾದ ಮೇಲೆಯೇ ಶಟರ್ ಎಳೆಯುತ್ತಿದ್ದವರು ಅವರು.

ಶುಲ್ಕ ಕಟ್ಟಿ ಕಾನೂನು ಪತ್ರಿಕೆಯ ನನ್ನ ಉತ್ತರಪುಸ್ತಕದ ಪ್ರತಿ ತರಿಸಿಕೊಂಡೆ. ಮೊದಲ ಉತ್ತರವನ್ನು ಪುಟಗಟ್ಟಲೆ ಬರೆದಿದ್ದ ನಾನು ಕೊನೆಯ 16 ಅಂಕದ ಪ್ರಶ್ನೆಯನ್ನು ಮುಟ್ಟಿಯೇ ಇರಲಿಲ್ಲ. ಮೂರು ಗಂಟೆಗೆ 100 ಅಂಕವೆಂದರೆ 16 ಅಂಕಕ್ಕೆ ಸಿಗುವುದು ಸುಮಾರು 29 ನಿಮಿಷ ಮಾತ್ರ. ಸೋಲಿಗೆ ಹೀಗೆ ಒಂದು ಅಳತೆ ಸಿಕ್ಕ ಕೂಡಲೇ ನನ್ನ ಯೋಗ್ಯತೆಯ ಬಗೆಗಿದ್ದ ಭಯ ಅರ್ಧ ಇಳಿಯಿತು. ಅಂದಿನಿಂದ ಪ್ರತಿ ಭಾನುವಾರ, ಊಟದ ಗಿರಾಕಿಗಳು ಕರಗಿದ ಮೇಲೆ, ಹೋಟೆಲಿನ ಮೂಲೆಯ ಮೇಜಿನಲ್ಲಿ ಪರೀಕ್ಷೆಯ ಹೊತ್ತಾದ ಎರಡರಿಂದ ಐದರವರೆಗೆ ಕುಳಿತು ಪೂರ್ತಿ ಪತ್ರಿಕೆ ಬರೆದೆ. 29 ನಿಮಿಷಕ್ಕೊಮ್ಮೆ ಮಾವ ಗಲ್ಲಾದ ಮೇಲೆ ನಾಣ್ಯ ಕುಟ್ಟುತ್ತಿದ್ದರು. ವಾಕ್ಯ ಅರ್ಧದಲ್ಲಿದ್ದರೂ ನಾನು ಮುಂದಿನ ಪ್ರಶ್ನೆಗೆ ಹೋಗಬೇಕಿತ್ತು.

ಮೂರನೆಯ ಪ್ರಯತ್ನ ಇನ್ನೂ ಕಠೋರವಾಗಿತ್ತು. 60 ದಾಟಿದ್ದ ಪತ್ರಿಕೆಗೆ ಮುಂದಿನ ಮೂರು ಪರೀಕ್ಷೆಗಳವರೆಗೆ ಮತ್ತೆ ಬರೆಯಬೇಕಿಲ್ಲದ ವಿನಾಯಿತಿ ಇದ್ದುದರಿಂದ ಆ 61 ನನ್ನ ಕೈಯಲ್ಲಿತ್ತು. ಒಟ್ಟು 207 ಬಂತು, ಆದರೆ ಆಡಿಟ್ ಪತ್ರಿಕೆಯಲ್ಲಿ 38. ಎರಡು ಅಂಕಕ್ಕೆ ಇಡೀ ಗ್ರೂಪು ಹೋಯಿತು. ಮೂರು ವಾರ ನಾನು ಪುಸ್ತಕ ತೆರೆಯಲಿಲ್ಲ. ಕುಂದಾಪುರದ ಕಡೆಯ ನಮ್ಮೂರಿನಿಂದ ಅಮ್ಮ ಫೋನಿನಲ್ಲಿ "ಸಾಕು ಮಗ, ಊರಿಗೆ ಬಾ" ಎಂದಾಗ, ಹೊರಡುವುದೆಂದು ಮನಸ್ಸಿನಲ್ಲಿ ನಿಶ್ಚಯಿಸಿಯೂ ಬಿಟ್ಟಿದ್ದೆ.

ಮತ್ತೆ ಹಿಡಿದು ನಿಲ್ಲಿಸಿದ್ದು ಮಾವನ ಅದೇ ಪ್ರಶ್ನೆ. ದಿನವಿಡೀ ಆಡಿಟ್ ಕೆಲಸವನ್ನೇ ಮಾಡುವವನಿಗೆ ಆಡಿಟ್ ಓದುವ ಅಗತ್ಯವೇನು ಎಂಬ ಭ್ರಮೆಯಲ್ಲಿ ಆ ಎರಡು ಅಂಕ ಹೋಗಿದ್ದವು. ಪರೀಕ್ಷೆ ಕೇಳುವುದು ಎಸ್‌ಎ ಎಂಬ ಲೆಕ್ಕಪರಿಶೋಧನಾ ಮಾನದಂಡಗಳ ಭಾಷೆಯನ್ನು. ಹಾಗಾಗಿ ಸಂಜೆ ಡೊಂಬಿವಿಲಿಯ ಲೋಕಲ್‌ನಲ್ಲಿ ನಿಂತುಕೊಂಡೇ ಅಂದಿನ ಕೆಲಸವನ್ನು ಮಾನದಂಡಕ್ಕೆ ಜೋಡಿಸತೊಡಗಿದೆ: ಬ್ಯಾಂಕಿನಿಂದ ಬಾಕಿ ದೃಢೀಕರಣ ತರಿಸಿದ್ದರೆ ಎಸ್‌ಎ 505, ಗೋದಾಮಿನ ದಾಸ್ತಾನು ಎಣಿಕೆಗೆ ಹೋಗಿದ್ದರೆ ಎಸ್‌ಎ 501, ಕಂಪನಿ ಮುಂದೆ ನಡೆದೀತೇ ಎಂಬ ಸಂಶಯ ಎದ್ದಿದ್ದರೆ ಎಸ್‌ಎ 570. ದಿನಕ್ಕೆ ಒಂದೇ ಸಾಲು, ಕಿಸೆಯ ಪುಸ್ತಕದಲ್ಲಿ. ಗುರಿ ಎಷ್ಟು ದೂರವೆಂದು ಯೋಚಿಸಿದರೆ ಕೈಕಾಲು ಸೋಲುತ್ತಿದ್ದ ನನಗೆ, ಠಾಣೆ ನಿಲ್ದಾಣ ಬರುವುದರೊಳಗೆ ಆ ಸಾಲು ಮುಗಿಸುವುದು ಎಂದೂ ಭಾರವೆನಿಸಲಿಲ್ಲ.

2016ರ ಜುಲೈಯಲ್ಲಿ ಮೊದಲ ಗ್ರೂಪು ಪಾಸಾಯಿತು. ಆಡಿಟ್‌ನಲ್ಲಿ 54 ಇತ್ತು. ಮಾವನಿಗೆ ಅಂಕಪಟ್ಟಿ ತೋರಿಸಿದೆ. ನಾಲ್ಕೂ ಪತ್ರಿಕೆಗಳ ಅಂಕಗಳನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದು, ತಾವೇ ಕೂಡಿ ನೋಡಿ, ಆ ಭಾನುವಾರ ಎರಡನೆಯ ಗ್ರೂಪಿಗೆ ಮೂಲೆಯ ಮೇಜು ಖಾಲಿ ಇಡುವುದಾಗಿ ಹೇಳಿದರು.