ಹಂಪಿಯಿಂದ ವಿಜಯಪುರಕ್ಕೆ, ಹೆದ್ದಾರಿ ಬಿಟ್ಟು

ಹಂಪಿಯೂ ವಿಜಯಪುರವೂ ಈಗ ಒಂದೇ ರಾಜ್ಯದಲ್ಲಿವೆ. ಐನೂರು ವರ್ಷದ ಹಿಂದೆ ಇವು ಅಕ್ಕಪಕ್ಕದ ಎರಡು ದೇಶಗಳ ರಾಜಧಾನಿಗಳು. ನಡುವೆ ಇದ್ದದ್ದು ನಮ್ಮ ಕೊಪ್ಪಳ, ರಾಯಚೂರು ಸೀಮೆ. ಕೃಷ್ಣಾ ತುಂಗಭದ್ರಾ ನಡುವಿನ ಈ ನೆಲಕ್ಕಾಗಿ ಎರಡೂ ಕಡೆಯವರು ತಲೆಮಾರುಗಟ್ಟಲೆ ಬಡಿದಾಡಿದರು. ಹೊಸಪೇಟೆಯಿಂದ ಹೆದ್ದಾರಿ ಹಿಡಿದರೆ ಕುಷ್ಟಗಿ, ಹುನಗುಂದ ದಾಟಿ ಕೆಲವೇ ಗಂಟೆಗಳಲ್ಲಿ ವಿಜಯಪುರ ಸೇರಬಹುದು. ಆದರೆ ನೋಡಬೇಕಾದ್ದು ಆ ದಾರಿಯಲ್ಲಿ ಇಲ್ಲ. ಗಂಗಾವತಿಯವನಾದ ನಾನು ಒಳದಾರಿಯಲ್ಲೇ ಕಾರು ಬಿಡುತ್ತೇನೆ.

ಹಂಪಿಯನ್ನು ಎಲ್ಲರೂ ನೋಡಿರುತ್ತಾರೆ, ಹಾಗಾಗಿ ನಾನು ಶುರು ಮಾಡುವುದು ಹೊಳೆಯ ಈಚೆ ದಡದ ಆನೆಗೊಂದಿಯಿಂದ. ಊರೊಳಗಿನ ಗಗನಮಹಲ್ ನೋಡಿ ಹೊರಡಿ. ವಿಜಯಪುರದಲ್ಲೂ ಒಂದು ಗಗನಮಹಲ್ ಇದೆ. ಅದನ್ನು ಕಟ್ಟಿಸಿದ್ದು ಅಲ್ಲಿನ ಸುಲ್ತಾನ ಒಂದನೇ ಅಲಿ ಆದಿಲ್ ಶಾ.

ಗಂಗಾವತಿ ಸುತ್ತ ಎಡದಂಡೆ ಕಾಲುವೆ ನೀರು, ಕಣ್ಣು ಹಾಯುವವರೆಗೂ ಭತ್ತ. ಕನಕಗಿರಿ ಕಡೆ ತಿರುಗಿದರೆ ನೆಲದ ಬಣ್ಣವೇ ಬೇರೆ. ತೊಗರಿ, ಸಜ್ಜೆ, ಕಲ್ಲುಗುಡ್ಡ. 'ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು' ಅಂತ ನಮ್ಮಲ್ಲಿ ಗಾದೆ ಇದೆ, ಅಲ್ವಾ? ಕನಕಾಚಲಪತಿ ಗುಡಿಯ ಕಂಬಗಳ ಮುಂದೆ ನಿಂತರೆ ಆ ಮಾತು ಸುಮ್ನೆ ಹುಟ್ಟಿದ್ದಲ್ಲ ಅನಿಸುತ್ತದೆ. ಊರಾಚೆ ವೆಂಕಟಪ್ಪ ನಾಯಕನ ಬಾವಿಯನ್ನೂ ನೋಡಿಯೇ ಮುಂದೆ ಹೋಗಿ.

ತಾವರಗೇರಾ ಮೇಲೆ ಮುದಗಲ್ಲು. ಇಡೀ ದಾರಿಯಲ್ಲಿ ನನಗೆ ಜಾಸ್ತಿ ಇಷ್ಟವಾದ ಜಾಗ ಇದು. ಅರ್ಧ ದಿನ ಇದಕ್ಕೇ ಇಡಿ. ಅಗಲವಾದ ಕಂದಕ, ಗುಡ್ಡದ ಬಂಡೆಗಳನ್ನೇ ಸೇರಿಸಿಕೊಂಡು ಏರಿದ ಗೋಡೆ. ವಿಜಯನಗರ, ಬಹಮನಿ, ಆದಿಲ್ ಶಾಹಿ, ಎಲ್ಲರ ಕೈಗೂ ಈ ಕೋಟೆ ಸಿಕ್ಕಿದೆ, ಎಲ್ಲರ ಕೈಯಿಂದಲೂ ಜಾರಿದೆ. ಕಲ್ಲಿನಲ್ಲಿ ಕನ್ನಡ ಶಾಸನವೂ ಸಿಗುತ್ತದೆ, ಪರ್ಷಿಯನ್ ಶಾಸನವೂ ಸಿಗುತ್ತದೆ. ಇಷ್ಟು ಕಾದಾಟ ಕಂಡ ಊರಿನಲ್ಲಿ ಮೊಹರಂ ಎಲ್ಲ ಜಾತಿ, ಧರ್ಮದವರ ಹಬ್ಬ. ಅಕ್ಕಪಕ್ಕದ ಜಿಲ್ಲೆಗಳಿಂದ ಜನ ಹರಕೆ ಹೊತ್ತು ಬರುತ್ತಾರೆ. ಆ ದಿನಗಳಲ್ಲಿ ಹೋದರೆ ಕೋಟೆ ನೋಡಲು ಆಗುವುದಿಲ್ಲ, ಆದರೆ ಊರು ನೋಡಲು ಅದಕ್ಕಿಂತ ಒಳ್ಳೆ ಹೊತ್ತಿಲ್ಲ. ಕೋಟೆ ಮೇಲೆ ನೆರಳು ಕಡಿಮೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಮಕ್ಕಳನ್ನು, ವಯಸ್ಸಾದವರನ್ನು ಹತ್ತಿಸಬೇಡಿ.

ರಾಯಚೂರು ಕೋಟೆ ಈ ದಾರಿಗೆ ಸೇರುವುದಿಲ್ಲ, ಪೂರ್ವಕ್ಕೆ ದೂರವಾಗುತ್ತದೆ. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾನನ್ನು ಸೋಲಿಸಿದ್ದು ಆ ಕೋಟೆಗಾಗಿಯೇ. ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ.

ಮುದಗಲ್ಲಿನಿಂದ ಹುನಗುಂದ ಕಡೆ ಹೋಗಿ, ಧನ್ನೂರಿನ ಹತ್ತಿರ ಕೃಷ್ಣೆ ದಾಟಿದರೆ ತಂಗಡಗಿ. ಬಸವಣ್ಣನ ಹೆಂಡತಿ ನೀಲಾಂಬಿಕೆ ಐಕ್ಯವಾದ ಜಾಗ ಅಂತ ಭಕ್ತರು ಬರುತ್ತಾರೆ. 1565ರ ಜನವರಿ 23ರ ರಕ್ಕಸತಂಗಡಿ ಯುದ್ಧದ ಹೆಸರಿನಲ್ಲಿರುವುದೂ ಇದೇ ಊರು. ಹಂಪಿಯ ಹಾಗೆ ಕಟ್ಟಡಗಳನ್ನು ಹುಡುಕಬೇಡಿ. ಹೊಳೆ ಇದೆ, ಹೊಲ ಇದೆ. ಆದರೂ ನಾನು ಇಲ್ಲಿ ಕಾರು ನಿಲ್ಲಿಸದೆ ಹೋಗುವುದಿಲ್ಲ. ಕಾರಣ ಹೇಳುತ್ತೇನೆ. ವಿಜಯಪುರದ ಗಗನಮಹಲ್ ಕಟ್ಟಿಸಿದ ಅದೇ ಅಲಿ ಆದಿಲ್ ಶಾ ಯುದ್ಧಕ್ಕೆ ಕೆಲವು ವರ್ಷ ಮುಂಚೆ ವಿಜಯನಗರಕ್ಕೆ ತಾನೇ ಬಂದಿದ್ದ. ಅಲ್ಲಿ ರಾಜ್ಯಭಾರ ನಡೆಸುತ್ತಿದ್ದ ರಾಮರಾಯನ ಮಗ ತೀರಿಕೊಂಡಾಗ ಸಾಂತ್ವನ ಹೇಳಲು ಬಂದ ಅವನನ್ನು ರಾಮರಾಯನ ಹೆಂಡತಿ ಮಗನೆಂದು ಕರೆದಳು ಅಂತ ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ಆಮೇಲೆ ಅದೇ ಅಲಿ ಉಳಿದ ಸುಲ್ತಾನರ ಜೊತೆ ಸೇರಿ ರಾಮರಾಯನ ಮೇಲೆ ದಂಡು ತಂದ. ಆ ಯುದ್ಧದಲ್ಲಿ ರಾಮರಾಯ ಸತ್ತ, ವಿಜಯನಗರ ಹಾಳಾಯಿತು. ಇದು ಗೊತ್ತಿದ್ದು ಹೊಳೆ ದಾಟಿದರೆ ಮುಂದೆ ನೋಡುವುದೆಲ್ಲ ಬೇರೆಯಾಗಿ ಕಾಣುತ್ತದೆ.

ಮುದ್ದೇಬಿಹಾಳ, ಬಸವನ ಬಾಗೇವಾಡಿ ದಾಟಿ ಸಂಜೆಗೆ ವಿಜಯಪುರ ಸೇರಿ, ರಾತ್ರಿ ಅಲ್ಲೇ ಉಳಿಯಿರಿ. ಗೋಳಗುಮ್ಮಟಕ್ಕೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಬೇಕು. ಶಾಲೆಯ ಬಸ್ಸುಗಳು ಬಂದ ಮೇಲೆ ಮೇಲಿನ ಸುತ್ತುಪಡಸಾಲೆಯಲ್ಲಿ ಬರೀ ಕೂಗಾಟ, ಪಿಸುಮಾತು ಕೇಳುವುದೇ ಇಲ್ಲ. ನನ್ನ ಮನಸ್ಸು ಮಾತ್ರ ಇಬ್ರಾಹಿಂ ರೋಜಾ ಕಡೆಗೇ. ಅಲ್ಲಿನ ಕಲ್ಲಿನ ಕೆತ್ತನೆಯ ನಾಜೂಕು ಗುಮ್ಮಟದಲ್ಲಿ ಇಲ್ಲ. ಮಲಿಕ್-ಎ-ಮೈದಾನ್ ತೋಪನ್ನು ಕೊನೆಗೆ ಇಟ್ಟುಕೊಳ್ಳಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ರಕ್ಕಸತಂಗಡಿಯಲ್ಲೂ ಇದು ಗುಡುಗಿತ್ತು ಎನ್ನುತ್ತಾರೆ.

ವಾಪಸ್ಸಿಗೆ ಹೆದ್ದಾರಿಯೇ ಸಾಕು. ನಿಡಗುಂದಿ, ಹುನಗುಂದ ದಾಟಿ ಬಂದರೆ ಇಳಕಲ್ಲು ಸಿಗುತ್ತದೆ. ಸೀರೆ ಕೊಳ್ಳುವವರು ಅಂಗಡಿಗಿಂತ ಮೊದಲು ಮಗ್ಗ ಇರುವ ಒಂದು ಮನೆ ನೋಡಿ. ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಸೇರಿಸುವುದನ್ನು ಕಂಡ ಮೇಲೆ ಬೆಲೆ ಚೌಕಾಸಿ ಮಾಡಲು ಮನಸ್ಸು ಬರುವುದಿಲ್ಲ.