ಬೆಚ್ಚನೆಯ ಮಿಟನ್: ಲೆಕ್ಕವೆಲ್ಲ ಹೆಬ್ಬೆರಳಲ್ಲಿ

ಡಿಸೆಂಬರ್ ಬಂತೆಂದರೆ ಪುಣೆಯಲ್ಲಿ ಕೆಲವು ಮುಂಜಾವು 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ತಳಜಾಯಿ ಗುಡ್ಡಕ್ಕೋ ಪರ್ವತಿ ಗುಡ್ಡಕ್ಕೋ ಆರು ಗಂಟೆಗೆ ನಡೆಯಲು ಹೊರಟವರಿಗೆ ಮೊದಲು ಮರಗಟ್ಟುವುದು ಬೆರಳ ತುದಿ. ಐದು ಬೆರಳಿಗೆ ಐದು ಗೂಡಿರುವ ಕೈಗವಸಿಗಿಂತ ಮಿಟನ್ ಬೆಚ್ಚಗಿರುತ್ತದೆ. ನಾಲ್ಕು ಬೆರಳು ಒಂದೇ ಗೂಡಿನಲ್ಲಿ ಒತ್ತಾಗಿ ಕೂತು ಒಂದರ ಬಿಸಿ ಇನ್ನೊಂದಕ್ಕೆ ಸಿಗುತ್ತದೆ, ಗಾಳಿಗೆ ತೆರೆದುಕೊಳ್ಳುವ ಮೈ ಕಡಿಮೆಯಾಗುತ್ತದೆ. ಕ್ರೋಶಾ ಕಡ್ಡಿ, ಎಂದರೆ ತುದಿಯಲ್ಲಿ ಕೊಕ್ಕೆಯಿರುವ ಕಡ್ಡಿ, ಹಿಡಿದು ಹೆಣೆಯುವವರಿಗೂ ಇದು ಸುಲಭ. ಐದರ ಬದಲು ಒಂದೇ ಬೆರಳನ್ನು ಬೇರೆ ಮಾಡಿದರೆ ಮುಗಿಯಿತು.

ಒಂದು ಮಾತು ಮೊದಲೇ ಹೇಳಬೇಕು. ಇದು ನಡೆಯುವವರಿಗೆ, ಗಾಡಿ ಓಡಿಸುವವರಿಗಲ್ಲ. ಮಿಟನ್ ತೊಟ್ಟ ಕೈಗೆ ಬ್ರೇಕಿನ ಹಿಡಿ ಸರಿಯಾಗಿ ಸಿಗುವುದಿಲ್ಲ, ಉಲ್ಲನ್ ಜಾರುತ್ತದೆ, ಕ್ರೋಶಾದ ಸಂದುಗಳಿಂದ ಗಾಳಿಯೂ ನುಗ್ಗುತ್ತದೆ. ಸ್ಕೂಟರಿಗೆ ಚರ್ಮದ ಕೈಗವಸೇ ಸರಿ.

ಸಾಮಾನು

ಸೀರೆಗೆ ಕುಚ್ಚು ಹಾಕುವವರ ಮನೆಯಲ್ಲಿ ಕ್ರೋಶಾ ಕಡ್ಡಿ ಇದ್ದೇ ಇರುತ್ತದೆ. ಆದರೆ ಆ ಸಣ್ಣ ಸ್ಟೀಲ್ ಕಡ್ಡಿ ರೇಷ್ಮೆ ದಾರಕ್ಕೆ, ಉಲ್ಲನ್‌ಗೆ ನಡೆಯುವುದಿಲ್ಲ. ಅದರ ಕೊಕ್ಕೆಯಲ್ಲಿ ದಪ್ಪ ನೂಲು ಕೂರದೆ ಎಳೆ ಸೀಳಿಹೋಗುತ್ತದೆ. ಬೇಕಾದದ್ದು 4 ಮಿಲಿಮೀಟರಿನ ಒಂದು ಕಡ್ಡಿ, ಮಣಿಕಟ್ಟಿನ ಪಟ್ಟಿಗೆ 3.5ರದು ಇನ್ನೊಂದು. ಪುಣೆಯ ತುಳಶೀಬಾಗ್ ಪೇಟೆಯ ಅಂಗಡಿಯಲ್ಲಿ ಬರೀ ‘ಹುಕ್ ಕೊಡಿ’ ಎಂದರೆ ರವಿಕೆಯ ಹುಕ್ಕಿನ ಕಾರ್ಡು ಕೈಗೆ ಬಂದರೂ ಬಂತು. ‘ಲೋಕರೀಸಾಠೀ ಕ್ರೋಶಾಚೀ ಸುಯಿ’ (ಉಲ್ಲನ್ ಹೆಣೆಯುವ ಕ್ರೋಶಾ ಕಡ್ಡಿ) ಎಂದು ಮರಾಠಿಯಲ್ಲಿ ಕೇಳಿ, ಅಳತೆಯನ್ನು ಮಿಲಿಮೀಟರಿನಲ್ಲೇ ಹೇಳಿ. ಹಳೆಯ ಬ್ರಿಟಿಷ್ ನಂಬರಿನಲ್ಲಿ ಅಂಕೆ ಏರಿದಂತೆ ಕಡ್ಡಿ ತೆಳ್ಳಗಾಗುತ್ತದೆ: 8 ಎಂದರೆ 4 ಮಿ.ಮೀ., 9 ಎಂದರೆ 3.5. ಇದು ತಿಳಿಯದೆ ‘ದೊಡ್ಡ ನಂಬರ್ ಕೊಡಿ’ ಎಂದವರು ತೆಳು ಕಡ್ಡಿ ಹಿಡಿದು ಮನೆಗೆ ಬರುತ್ತಾರೆ.

ನೂಲು ಮಧ್ಯಮ ದಪ್ಪದ್ದಿರಲಿ. ಹೆಂಗಸರ ಅಳತೆಯ ಒಂದು ಜೋಡಿಗೆ 80ರಿಂದ 100 ಗ್ರಾಂ ಸಾಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಅಕ್ರಿಲಿಕ್: ಅಗ್ಗ, ಒಗೆಯಲು ಸುಲಭ, ಚುಚ್ಚುವುದಿಲ್ಲ. ನಿಜವಾದ ಉಣ್ಣೆ ಬೆವರನ್ನು ಹೀರಿಕೊಂಡೂ ಒದ್ದೆ ಅನ್ನಿಸುವುದಿಲ್ಲ, ಹಿಗ್ಗಿಸಿ ಬಿಟ್ಟರೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಹಿಮಾಚಲದ ಕಡೆ ಪ್ರವಾಸವಿದ್ದರೆ ಅದಕ್ಕೇ ದುಡ್ಡು ಹಾಕಿ, ಪುಣೆಯ ಚಳಿಗೆ ಅಕ್ರಿಲಿಕ್ ಧಾರಾಳವಾಯಿತು. ಹತ್ತಿ ನೂಲು ಮಾತ್ರ ಬೇಡ. ಅದು ಬೆವರು ಕುಡಿದು ತಣ್ಣಗಾಗಿ ಕೂರುತ್ತದೆ. ಎರಡು ಉಂಡೆ ಕೊಳ್ಳುವಾಗ ಚೀಟಿಯ ಮೇಲಿನ ಲಾಟ್ ನಂಬರ್ ಒಂದೇ ಇದೆಯೇ ನೋಡಿ. ಬಣ್ಣದ ಹೆಸರು ಒಂದೇ ಇದ್ದರೂ ಲಾಟ್ ಬೇರೆಯಾದರೆ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಾಣದ ವ್ಯತ್ಯಾಸ ಬಿಸಿಲಿಗೆ ಬಂದಾಗ ಎದ್ದು ಕಾಣುತ್ತದೆ.

ಇಷ್ಟರ ಜೊತೆಗೆ ದೊಡ್ಡ ಕಣ್ಣಿನ ದಬ್ಬಣ, ಅಳತೆ ಟೇಪು, ಮೂರು ಸೇಫ್ಟಿ ಪಿನ್ನು.

ಸ್ಟಿಚ್‌ಗಳ ಹೆಸರಿನ ಗೊಂದಲ

ಕಡ್ಡಿಯ ಮೇಲಿನ ಕುಣಿಕೆಯೊಳಗಿಂದ ಒಮ್ಮೆ ನೂಲು ಎಳೆದರೆ ಒಂದು ಚೈನ್. ಇಲ್ಲಿನ ಮರಾಠಿ ನೆರೆಯವರು ಚೈನ್‌ಗೆ ‘ಸಾಖಳೀ’ ಎಂದೂ ಉದ್ದ ಸ್ಟಿಚ್‌ಗೆ ‘ಖಾಂಬ’ ಎಂದೂ ಹೇಳುತ್ತಾರೆ. ನಮ್ಮ ಸರಪಳಿ, ಕಂಬಗಳೇ ಅವು, ಅಲ್ಲಿ ತೊಂದರೆಯಿಲ್ಲ. ತೊಂದರೆ ಇರುವುದು ಇಂಗ್ಲಿಷ್ ಹೆಸರುಗಳಲ್ಲಿ. ಅಮೆರಿಕದವರ ಸಿಂಗಲ್ ಕ್ರೋಶಾ ಬ್ರಿಟಿಷರಿಗೆ ಡಬಲ್, ಅಮೆರಿಕದ ಹಾಫ್ ಡಬಲ್ ಬ್ರಿಟಿಷರ ಹಾಫ್ ಟ್ರೆಬಲ್. ಹಳೆಯ ಪುಸ್ತಕ ಒಂದು ಪದ್ಧತಿಯದು, ವಿಡಿಯೋ ಇನ್ನೊಂದರದು ಆದರೆ ಮಿಟನ್ ಮೊಣಕೈವರೆಗೆ ಬರುತ್ತದೆ. ಇಲ್ಲಿ ಅಮೆರಿಕದ ಹೆಸರುಗಳನ್ನೇ ಬಳಸಿದೆ.

ಇಡೀ ಮಿಟನ್ ನಡೆಯುವುದು ಹಾಫ್ ಡಬಲ್‌ನಲ್ಲಿ. ಕಡ್ಡಿಗೆ ನೂಲು ಒಂದು ಸುತ್ತು ಹಾಕಿ, ಕೆಳಗಿನ ಸ್ಟಿಚ್‌ನ ಎರಡೂ ಎಳೆಗಳ ಅಡಿ ತೂರಿಸಿ, ನೂಲು ಎಳೆದು ತನ್ನಿ. ಈಗ ಕಡ್ಡಿಯ ಮೇಲೆ ಮೂರು ಕುಣಿಕೆ. ಮತ್ತೆ ನೂಲು ಹಿಡಿದು ಮೂರರೊಳಗಿಂದಲೂ ಒಂದೇ ಸಲಕ್ಕೆ ಎಳೆಯಿರಿ. ಸಿಂಗಲ್ (ಮೊದಲು ನೂಲು ಸುತ್ತದೆ ಕಡ್ಡಿ ತೂರಿಸಿ, ನೂಲು ಎಳೆದು ತಂದು, ಮತ್ತೆ ನೂಲು ಹಿಡಿದು ಎರಡು ಕುಣಿಕೆಯೊಳಗಿಂದ ಎಳೆಯುವುದು) ಇನ್ನೂ ಒತ್ತಾಗುತ್ತದೆ, ಆದರೆ ಬಿರುಸಾಗುತ್ತದೆ, ನಿಧಾನವೂ ಹೌದು. ಡಬಲ್ ಬೇಗ ಬೆಳೆಯುತ್ತದೆ, ಕಂಬಗಳ ನಡುವೆ ಬೆರಳು ತೂರುವಷ್ಟು ಸಂದು. ಹಾಫ್ ಡಬಲ್‌ನಲ್ಲಿ ಹಿಂಬದಿ ಒಂದು ಹೆಚ್ಚಿನ ಎಳೆ ಅಡ್ಡ ಮಲಗುವುದರಿಂದ ಬಟ್ಟೆ ದಪ್ಪಗೆ, ಮೆತ್ತಗೆ ಬರುತ್ತದೆ.

ತುಂಡು ಹಾಕಿ ನೋಡದೆ ಹೊರಡಬೇಡಿ

20 ಚೈನ್ ಹಾಕಿ, 4 ಮಿ.ಮೀ. ಕಡ್ಡಿಯಲ್ಲಿ 14 ಸಾಲು ಹಾಫ್ ಡಬಲ್ ಹೆಣೆಯಿರಿ. ಮೇಜಿನ ಮೇಲೆ ಎಳೆಯದೆ ಹರಡಿ, ನಡುವಿನ 10 ಸೆಂಟಿಮೀಟರ್ ಮಾತ್ರ ಅಳೆಯಿರಿ, ಅಂಚು ಸುಳ್ಳು ಹೇಳುತ್ತದೆ. ಮುಂದಿನ ಲೆಕ್ಕಕ್ಕೆ 10 ಸೆಂ.ಮೀ.ನಲ್ಲಿ 16 ಸ್ಟಿಚ್, 12 ಸಾಲು ಬರಬೇಕು. 18 ಬಂದರೆ ನಿಮ್ಮ ಕೈ ಬಿಗಿ, 4.5ರ ಕಡ್ಡಿ ಹಿಡಿಯಿರಿ. 14 ಬಂದರೆ ಸಡಿಲ, 3.5ಕ್ಕೆ ಇಳಿಯಿರಿ. ಹತ್ತು ಸೆಂ.ಮೀ.ನಲ್ಲಿ ಎರಡು ಸ್ಟಿಚ್ ಕಡಿಮೆಯಾದರೆ ಏನು ಮಹಾ ಅನ್ನಿಸಬಹುದು. ಅಂಗೈ ಸುತ್ತ 32 ಸ್ಟಿಚ್ ಇದ್ದಾಗ ಅದೇ ಎರಡು ಸ್ಟಿಚ್ 20 ಸೆಂ.ಮೀ. ಅನ್ನು 23 ಮಾಡಿಬಿಡುತ್ತದೆ, ಮಿಟನ್ ಕೈಯಿಂದ ಜಾರುತ್ತದೆ.

ಕೈ ಅಳೆಯುವುದು ಹೀಗೆ: ಹೆಬ್ಬೆರಳು ಬಿಟ್ಟು ಬೆರಳ ಗೆಣ್ಣುಗಳ ಸುತ್ತ ಒಂದು ಅಳತೆ, ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಗೆ ಇನ್ನೊಂದು. ಕೆಳಗಿನ ಲೆಕ್ಕ ಸುತ್ತ 19, ಉದ್ದ 17.5 ಸೆಂ.ಮೀ. ಇರುವ ಕೈಯದು.

ಮಣಿಕಟ್ಟಿನ ಪಟ್ಟಿ

ಇದನ್ನು ಅಡ್ಡಡ್ಡ ಹೆಣೆದು ಆಮೇಲೆ ಸುತ್ತಿ ಕೂಡಿಸುತ್ತೇವೆ. 3.5 ಕಡ್ಡಿಯಲ್ಲಿ 13 ಚೈನ್. ಕಡ್ಡಿಯಿಂದ ಎರಡನೆಯ ಚೈನ್‌ನಿಂದ ಶುರುಮಾಡಿ 12 ಸಿಂಗಲ್. ಒಂದು ಚೈನ್ ಹಾಕಿ ತಿರುಗಿಸಿ. ಇಲ್ಲಿಂದ ಪ್ರತಿ ಸಾಲಿನಲ್ಲೂ ಸ್ಟಿಚ್‌ನ ಎರಡು ಎಳೆಯಲ್ಲಿ ಹಿಂದಿನದಕ್ಕೆ ಮಾತ್ರ ಕಡ್ಡಿ ತೂರಿಸಿ. ಮುಂದಿನ ಎಳೆ ಏರಿಯಂತೆ ಎದ್ದು ನಿಲ್ಲುತ್ತದೆ, ಪಟ್ಟಿಗೆ ಹಿಗ್ಗುವ ಗುಣ ಬರುವುದೇ ಅದರಿಂದ. ಒಟ್ಟು 30 ಸಾಲು. ಪ್ರತಿ ಸಾಲಿನ ಕೊನೆಯ ಸ್ಟಿಚ್ ಮಗ್ಗುಲಿಗೆ ಅಡಗಿ ಕೂರುತ್ತದೆ. ಅದನ್ನು ಬಿಟ್ಟರೆ 12 ಹೋಗಿ 11, 10 ಆಗುತ್ತ ಪಟ್ಟಿ ಬೀಸಣಿಗೆಯಂತೆ ಸೊಟ್ಟಗಾಗುತ್ತದೆ. ಮೊದಲ ಐದಾರು ಸಾಲು ಎಣಿಸಿ, ಆಮೇಲೆ ಕಣ್ಣಿಗೇ ತಿಳಿಯುತ್ತದೆ.

ಮೊದಲ ಸಾಲಿನ ಅಂಚನ್ನು ಕೊನೆಯದಕ್ಕೆ ಜೋಡಿಸಿ ಹಿಡಿದು 12 ಸ್ಲಿಪ್ ಸ್ಟಿಚ್‌ನಿಂದ ಕೂಡಿಸಿ. ಸ್ಲಿಪ್ ಸ್ಟಿಚ್ ಎಂದರೆ ಕಡ್ಡಿ ತೂರಿಸಿ ನೂಲು ಹಿಡಿದು, ಕಡ್ಡಿಯ ಮೇಲಿನ ಕುಣಿಕೆಯೊಳಗಿಂದಲೂ ಒಂದೇ ಸಲಕ್ಕೆ ಎಳೆಯುವುದು. ನೂಲು ಕತ್ತರಿಸಬೇಡಿ. ಈ ಜೋಡಣೆ ಒಳಗೆ ಹೋಗುವಂತೆ ಪಟ್ಟಿಯನ್ನು ಮಗುಚಿ, 4 ಮಿ.ಮೀ. ಕಡ್ಡಿಗೆ ಬದಲಾಯಿಸಿ.

ಅಂಗೈ, ಹೆಬ್ಬೆರಳ ತ್ರಿಕೋನ

ಸುತ್ತು 1: ಪಟ್ಟಿಯ ಅಂಚಿನಲ್ಲಿ ಸಾಲಿಗೆ ಒಂದರಂತೆ 30 ಹಾಫ್ ಡಬಲ್. ಸುತ್ತು ಮುಗಿದ ಮೇಲೆ ಸ್ಲಿಪ್ ಸ್ಟಿಚ್‌ನಿಂದ ಕೂಡಿಸದೆ ಬಸವನಹುಳುವಿನ ಚಿಪ್ಪಿನಂತೆ ಸುತ್ತುತ್ತಲೇ ಹೋಗಿ. ಕೂಡಿಸುತ್ತ ಹೋದರೆ ಆ ಜೋಡಣೆಯ ಗೆರೆ ಒಂದೊಂದೇ ಹೆಜ್ಜೆ ಬಲಕ್ಕೆ ವಾಲಿ ಅಂಗೈ ಮೇಲೆ ಓರೆಯಾಗಿ ಕಾಣುತ್ತದೆ. ಸುತ್ತಿನ ಮೊದಲ ಸ್ಟಿಚ್‌ಗೆ ಸೇಫ್ಟಿ ಪಿನ್ನು ಸಿಕ್ಕಿಸಿ, ಪ್ರತಿ ಸುತ್ತಿಗೂ ಮೇಲೆ ಸರಿಸಿ. ಪಿನ್ನಿಲ್ಲದೆ ಎಣಿಸಬಲ್ಲೆ ಅನ್ನುವವರೇ ಹೆಚ್ಚು ಸಲ ಬಿಚ್ಚುವವರು.

ಸುತ್ತು 2: ಮೊದಲ ಸ್ಟಿಚ್‌ನಲ್ಲೇ ಮೂರು ಹಾಫ್ ಡಬಲ್, ಉಳಿದ 29ರಲ್ಲಿ ಒಂದೊಂದು. ಒಟ್ಟು 32. ಈ ಮೂರು ಸ್ಟಿಚ್ ತ್ರಿಕೋನದ ಬುಡ; ತ್ರಿಕೋನ ಎಂದರೆ ಹೆಬ್ಬೆರಳಿಗೆ ಜಾಗವಾಗಲೆಂದು ಮೇಲೆ ಹೋದಂತೆ ಅಗಲವಾಗುವ ಭಾಗ. ಮೂರರ ಮೊದಲನೆಯದರಲ್ಲಿ ಸುತ್ತಿನ ಪಿನ್ನೇ ಇರುತ್ತದೆ, ಕೊನೆಯದಕ್ಕೆ ಇನ್ನೊಂದು ಪಿನ್ನು.

ಸುತ್ತು 3: ತ್ರಿಕೋನದ ಮೊದಲ ಸ್ಟಿಚ್‌ನಲ್ಲಿ ಎರಡು, ನಡುವೆ ಒಂದು, ಕೊನೆಯದರಲ್ಲಿ ಎರಡು. ತ್ರಿಕೋನ 5, ಒಟ್ಟು 34. ಸುತ್ತು 4 ಏರಿಕೆಯಿಲ್ಲದೆ. ಸುತ್ತು 5ರಲ್ಲಿ ಮತ್ತೆ ಎರಡೂ ತುದಿಗೆ ಏರಿಸಿ: ತ್ರಿಕೋನ 7, ಒಟ್ಟು 36. ಸುತ್ತು 6 ಸಾದಾ. ಸುತ್ತು 7ರಲ್ಲಿ ತ್ರಿಕೋನ 9, ಒಟ್ಟು 38. ತಪ್ಪು ಆಗುವುದು ಸಾದಾ ಸುತ್ತುಗಳಲ್ಲಿ. ಪಿನ್ನು ಮೇಲೆ ಸರಿಸಲು ಮರೆತರೆ ಮುಂದಿನ ಏರಿಕೆ ಒಂದು ಸ್ಟಿಚ್ ಆಚೆ ಬೀಳುತ್ತದೆ, ತ್ರಿಕೋನ ಅಂಗೈ ಕಡೆಗೆ ಹೊರಳುತ್ತದೆ. ತ್ರಿಕೋನದ ಆಚೆ ಯಾವಾಗ ಎಣಿಸಿದರೂ 29 ಇರಬೇಕು, ಅದೇ ಪರೀಕ್ಷೆ.

ಈಗ ನಿಲ್ಲಿಸಿ ಕೈಗೆ ತೊಟ್ಟು ನೋಡಿ. ಪಟ್ಟಿಯ ಮೇಲಂಚು ಮಣಿಕಟ್ಟಿನ ಗೆರೆಯಲ್ಲಿದ್ದಾಗ ಹೆಣಿಗೆ ಹೆಬ್ಬೆರಳು–ತೋರುಬೆರಳಿನ ಕವಲಿಗೆ ತಲುಪಿರಬೇಕು. ಅರ್ಧ ಸೆಂ.ಮೀ. ಕಡಿಮೆಯಿದ್ದರೆ ಇನ್ನೊಂದು ಸಾದಾ ಸುತ್ತು ಹಾಕಿ. ಇದನ್ನು ಉಳಿಸಿ ಮುಂದೆ ಹೋದರೆ ಮುಷ್ಟಿ ಕಟ್ಟಿದಾಗಲೆಲ್ಲ ಮಿಟನ್ ಕೆಳಕ್ಕೆ ಎಳೆಯುತ್ತದೆ, ಬೆರಳ ತುದಿ ಬಿಗಿಯುತ್ತದೆ. ಆಗ ತುದಿಯಲ್ಲಿ ಸುತ್ತು ಸೇರಿಸಿ ಪ್ರಯೋಜನವಿಲ್ಲ, ಕೊರತೆ ಇರುವುದು ಕೆಳಗೆ.

ಸುತ್ತು 8: 3 ಚೈನ್ ಹಾಕಿ, ತ್ರಿಕೋನದ 9 ಸ್ಟಿಚ್ ಹಾರಿಸಿ, ಉಳಿದ 29ರಲ್ಲಿ ಒಂದೊಂದು. ಆ ಒಂಬತ್ತನ್ನು ಪಿನ್ನಿನಲ್ಲಿ ಬಿಡಿ. ಸುತ್ತು 9ರಲ್ಲಿ ಆ ಮೂರು ಚೈನ್‌ಗಳಲ್ಲೂ ಒಂದೊಂದು ಹಾಕಿದರೆ ಒಟ್ಟು 32. ಅಲ್ಲಿಂದ ಸುತ್ತು 17ರವರೆಗೆ ಕಣ್ಣುಮುಚ್ಚಿ ಹಾಕಬಹುದಾದ ಕೆಲಸ. ಕಿರುಬೆರಳ ತುದಿ ಮುಚ್ಚಿದ ಮೇಲೆ ಇಳಿಕೆ ಶುರು.

ತುದಿ

ಇಳಿಸುವಾಗ ಎರಡು ಸ್ಟಿಚ್‌ನ ಮುಂದಿನ ಎಳೆಗಳಿಗೆ ಮಾತ್ರ ಕಡ್ಡಿ ತೂರಿಸಿ ಒಂದೇ ಹಾಫ್ ಡಬಲ್ ಮಾಡಿ. ಪೂರ್ತಿ ಎಳೆಗಳಲ್ಲಿ ಮಾಡಿದರೆ ಅಲ್ಲಲ್ಲಿ ಗಂಟು ಕಾಣುತ್ತದೆ.

ಸುತ್ತು 18: 6 ಸ್ಟಿಚ್, ಒಂದು ಇಳಿಕೆ, ಹೀಗೆ ನಾಲ್ಕು ಸಲ, 28 ಉಳಿಯುತ್ತದೆ. ಸುತ್ತು 19: 5 ಸ್ಟಿಚ್, ಒಂದು ಇಳಿಕೆ, ನಾಲ್ಕು ಸಲ, 24. ಸುತ್ತು 20: 2 ಸ್ಟಿಚ್, ಒಂದು ಇಳಿಕೆ, ಆರು ಸಲ, 18. ಸುತ್ತು 21: ಬರೀ ಇಳಿಕೆ, ಒಂಬತ್ತು ಸಲ, 9. ನೂಲನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ದಬ್ಬಣದಿಂದ ಒಂಬತ್ತರ ಮುಂದಿನ ಎಳೆಗಳಲ್ಲಿ ಪೋಣಿಸಿ, ಸಂಚಿಯ ಬಾಯಿಯಂತೆ ಎಳೆದು ಬಿಗಿಯಿರಿ.

ಹೆಬ್ಬೆರಳು

ಒಂಬತ್ತು ಸ್ಟಿಚ್‌ಗೆ ಹೊಸ ನೂಲು ಸೇರಿಸುವಾಗ 15 ಸೆಂ.ಮೀ. ಬಾಲ ಬಿಡಿ, ಅದು ಕೆಲಸಕ್ಕೆ ಬರುತ್ತದೆ. ಒಂಬತ್ತರಲ್ಲಿ ಒಂದೊಂದು, ಮೂಲೆಯ ಸಂದಿನಲ್ಲಿ ಒಂದು, ಚೈನ್‌ಗಳ ಅಡಿಯಲ್ಲಿ ಮೂರು, ಆಚೆ ಮೂಲೆಯಲ್ಲಿ ಒಂದು: ಒಟ್ಟು 14. ಎರಡನೆಯ ಸುತ್ತಿನಲ್ಲಿ ಎರಡೂ ಮೂಲೆಯಲ್ಲಿ ಒಂದೊಂದು ಇಳಿಸಿದರೆ 12. ಆಮೇಲೆ ನಾಲ್ಕು ಸುತ್ತು ಸಾದಾ, ಏಳನೆಯದರಲ್ಲಿ ಆರು ಇಳಿಕೆ, 6 ಉಳಿದಾಗ ತುದಿಯಂತೆಯೇ ಬಿಗಿಯಿರಿ.

ಎಲ್ಲರ ಮಿಟನ್‌ನಲ್ಲೂ ತೂತು ಕಾಣುವುದು ಈ ಮೂಲೆಗಳಲ್ಲೇ. ಅಲ್ಲಿ ಚೈನ್ ಒಂದು ಕಡೆಗೆ, ತ್ರಿಕೋನ ಇನ್ನೊಂದು ಕಡೆಗೆ ಎಳೆಯುತ್ತವೆ, ನಡುವೆ ಹಿಡಿದುಕೊಳ್ಳಲು ಸ್ಟಿಚ್ ಇರುವುದಿಲ್ಲ. ಮೂಲೆಯಲ್ಲಿ ಎತ್ತಿಕೊಂಡ ಸ್ಟಿಚ್ ಅದಕ್ಕಾಗಿಯೇ. ಆದರೂ ಸಂದು ಉಳಿದರೆ ಬಿಟ್ಟ ಬಾಲದಿಂದ ಒಳಬದಿಯಲ್ಲಿ ಎಂಟರ ಆಕಾರದಲ್ಲಿ ಎರಡು ಹೊಲಿಗೆ ಹಾಕಿ.

ಹೆಬ್ಬೆರಳು ಮಗ್ಗುಲಲ್ಲಿ ಇರುವುದರಿಂದ ಎಡ, ಬಲ ಎಂಬ ಭೇದವಿಲ್ಲ, ಇನ್ನೊಂದನ್ನೂ ಹೀಗೇ ಹಾಕಿ. ಆದರೆ ತಡಮಾಡಬೇಡಿ. ತಿಂಗಳು ಬಿಟ್ಟು ಹಾಕಿದ ಎರಡನೆಯದು ಮೊದಲಿನದಕ್ಕಿಂತ ಚಿಕ್ಕದೋ ದೊಡ್ಡದೋ ಆಗುತ್ತದೆ, ಕೈಯ ಬಿಗಿ ಬದಲಾಗಿರುತ್ತದೆ. ಹೆಚ್ಚುವರಿ ಹಾಕಿದ ಸುತ್ತುಗಳನ್ನು ಚೀಟಿಯಲ್ಲಿ ಬರೆದಿಡಿ.

ಗಂಡಸರ ಕೈಗೆ, ಸುತ್ತ 22 ಸೆಂ.ಮೀ. ಇದ್ದರೆ, ಪಟ್ಟಿ 34 ಸಾಲು. ಸುತ್ತು 8 ಸಾದಾ, 9ರಲ್ಲಿ ಇನ್ನೊಂದು ಏರಿಕೆ. ತ್ರಿಕೋನ 11ಕ್ಕೆ ಮುಟ್ಟುತ್ತದೆ, ಬೇರೆ ಮಾಡಿದ ಮೇಲೆ ಅಂಗೈಯಲ್ಲಿ 36. ಐದಾರು ವರ್ಷದ ಮಗುವಿಗೆ ಪಟ್ಟಿ 24 ಸಾಲು, ತ್ರಿಕೋನ 7ಕ್ಕೆ ನಿಲ್ಲಲಿ, ಬೇರೆ ಮಾಡುವಾಗ ಒಂದೇ ಚೈನ್, ಅಂಗೈ 24. ಮಕ್ಕಳದಕ್ಕೆ ಎರಡನ್ನೂ ಸೇರಿಸುವ ಚೈನ್ ದಾರ ಹೆಣೆದು ಸ್ವೆಟರಿನ ತೋಳಿನೊಳಗಿಂದ ಹಾಯಿಸಿ, ಇಲ್ಲದಿದ್ದರೆ ಒಂದು ಶಾಲೆಯ ಬಸ್ಸಿನಲ್ಲೇ ಉಳಿಯುತ್ತದೆ.

ಬಾಲಗಳನ್ನು ಒಳಬದಿಯಲ್ಲಿ ಒಂದು ದಿಕ್ಕಿಗೆ 5 ಸೆಂ.ಮೀ. ಪೋಣಿಸಿ, ಮತ್ತೆ ವಿರುದ್ಧ ದಿಕ್ಕಿಗೆ 2 ಸೆಂ.ಮೀ. ತಂದು ಕತ್ತರಿಸಿ. ಗಂಟು ಹಾಕಿದರೆ ಬೆರಳಿಗೆ ಒತ್ತುತ್ತದೆ. ತಣ್ಣೀರಿನಲ್ಲಿ ಅದ್ದಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಚಪ್ಪಟೆಯಾಗಿ ಹರಡಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ. ಅಕ್ರಿಲಿಕ್‌ಗೆ ಇಸ್ತ್ರಿ ತಾಗಿಸಬೇಡಿ, ಒಮ್ಮೆ ಕಾದರೆ ಪುಟಿಯುವ ಗುಣ ಹೋಗಿ ಪಟ್ಟಿ ಜೋಲುತ್ತದೆ. ಉಣ್ಣೆಗೆ ಬಿಸಿನೀರು, ಉಜ್ಜುವಿಕೆ ಎರಡೂ ಬೇಡ, ಕುಗ್ಗಿ ಕಂಬಳಿಯಂತೆ ಗಟ್ಟಿಯಾಗುತ್ತದೆ. ಫೆಬ್ರವರಿ ಕೊನೆಗೆ ಎತ್ತಿಡುವಾಗ ಚೆನ್ನಾಗಿ ಒಣಗಿಸಿ, ಒಣ ಬೇವಿನ ಸೊಪ್ಪಿನ ಜೊತೆ ಬಟ್ಟೆಯ ಚೀಲದಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಮಳೆಗಾಲದ ತೇವ ಒಳಗೇ ಉಳಿದು ಮುಗ್ಗಲು ವಾಸನೆ ಬರುತ್ತದೆ.