ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳುವ ತಾಯಂದಿರಿಗೆ

ಕೆಲಸಕ್ಕೆ ಮರಳುವ ಮುನ್ನವೇ, ಬಡ್ತಿಯ ಹಂಬಲ ತಮಗೆ ಇನ್ನೂ ಇದೆ ಎಂಬುದನ್ನು ಮೇಲಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿಬಿಡಿ. ‘ಪಾಪ, ಮಗು ಇನ್ನೂ ಚಿಕ್ಕದು’ ಎಂಬ ಕನಿಕರದಿಂದಲೇ ಎಷ್ಟೋ ದೊಡ್ಡ ಹೊಣೆಗಳು ನಮ್ಮನ್ನು ಒಂದು ಮಾತೂ ಕೇಳದೆ ಬೇರೆಯವರ ಪಾಲಾಗುತ್ತವೆ. ಬೇಕೋ ಬೇಡವೋ ಎಂಬ ತೀರ್ಮಾನ ನಮ್ಮದೇ ಆಗಿರಬೇಕು.

ಎದೆಹಾಲುಣಿಸುವವರು ಹಾಲು ತೆಗೆಯುವ ಹೊತ್ತನ್ನು ಕಚೇರಿಯ ಕ್ಯಾಲೆಂಡರಿನಲ್ಲಿ ಮೀಟಿಂಗಿನಂತೆಯೇ ಕಾಯ್ದಿರಿಸಿಕೊಳ್ಳಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2000ದಲ್ಲಿ ಅಂಗೀಕರಿಸಿದ ತಾಯ್ತನ ರಕ್ಷಣೆಯ ಒಡಂಬಡಿಕೆಯು ಹಾಲುಣಿಸುವ ಬಿಡುವನ್ನು ಸಂಬಳವಿರುವ ಕೆಲಸದ ಅವಧಿಯೆಂದೇ ಎಣಿಸಬೇಕೆನ್ನುತ್ತದೆ, ಆದ್ದರಿಂದ ಸಂಕೋಚ ಬೇಡ. ತೆಗೆದ ಹಾಲು 25 ಡಿಗ್ರಿ ಸೆಲ್ಸಿಯಸ್ ಮೀರದ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಕೆಡದೆ ಇರುತ್ತದೆ. ಬಾಟಲಿಗೆ ದಿನಾಂಕ, ಸಮಯ ಬರೆದ ಚೀಟಿ ಅಂಟಿಸಿ, ಹಳೆಯದನ್ನು ಮೊದಲು ಬಳಸಿ.

ಮನೆಯಲ್ಲಿ ಪತಿಯಿಂದ ಸಹಾಯ ಕೇಳುವುದಕ್ಕಿಂತ ಇಡೀ ಜವಾಬ್ದಾರಿಯನ್ನೇ ಅವರಿಗೆ ಬಿಟ್ಟುಕೊಡುವುದು ಮೇಲು ಎಂದು ನಾನು ದೃಢವಾಗಿ ನಂಬುತ್ತೇನೆ. ಲಸಿಕೆಯ ಹೊಣೆ ಅವರದಾದರೆ, ಮುಂದಿನ ದಿನಾಂಕವನ್ನು ನೆನಪಿಟ್ಟುಕೊಳ್ಳುವುದು, ಅಂದು ರಜೆ ಹಾಕುವುದು, ರಾತ್ರಿ ಜ್ವರ ಬಂದರೆ ಎದ್ದು ನೋಡುವುದು ಎಲ್ಲವೂ ಅವರದೇ ಆಗಬೇಕು. ಮಗುವಿಗೆ ಹುಷಾರಿಲ್ಲವೆಂದು ಕೆಲಸದ ನಡುವೆ ಕರೆ ಬಂದರೆ ಯಾವ ವಾರ ಯಾರು ಹೊರಡಬೇಕೆಂಬುದನ್ನೂ ಮೊದಲೇ ಮಾತನಾಡಿಕೊಂಡಿರಿ.